ಮರುಭೂಮಿಯಲ್ಲಿ ನಾನು ನೆಟ್ಟ ಬೋರ್ಡುಗಳು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಳದಿ ತಗಡಿನ ಬೋರ್ಡು ಇದೆ. ಅದರ ಮೇಲೆ ಕಪ್ಪು ಅಕ್ಷರದಲ್ಲಿ ಜರ್ಮನ್ ಭಾಷೆಯಲ್ಲಿ ಬರೆದಿರುವುದನ್ನು ಕನ್ನಡಕ್ಕೆ ತಂದರೆ, ‘ಮೊಟ್ಟೆಯಿಡುವ ಜಾಗ. ಒಳಗೆ ಕಾಲಿಡಬಾರದು’ ಎಂದಾಗುತ್ತದೆ. ಹೋದ ತಿಂಗಳು ಹೀಟರಿನ ಮೀಟರು ಓದಲು ಬಂದ ಮನುಷ್ಯ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ. ಬೋರ್ಡನ್ನು ಎರಡು ಸಲ ಓದಿದ. ನನ್ನ ಮುಖ ನೋಡಿದ, ಫ್ರಿಜ್ಜಿನ ಮುಖ ನೋಡಿದ. ಕೊನೆಗೆ ಹೊಸ್ತಿಲು ದಾಟದೆ ಫೋನಿನ ಕ್ಯಾಮೆರಾ ಜೂಮ್ ಮಾಡಿ, ಕತ್ತು ಚಾಚಿ ಮೀಟರು ಓದಿಕೊಂಡು, ಶುಭದಿನ ಹಾರೈಸಿ ಹೊರಟುಹೋದ.

ಬೋರ್ಡು ಅಂಟಿಸಿದವಳು ನನ್ನ ಜೊತೆ ಮನೆ ಹಂಚಿಕೊಂಡಿರುವ ರುಕ್ಸಾನಾ. ಹುಬ್ಬಳ್ಳಿಯವಳು. ಡ್ರೆಸ್ಡೆನ್ನಿನ ಚಿಪ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಅವಳ ಅಮ್ಮ ಕಳಿಸಿದ ಶೇಂಗಾ ಹೋಳಿಗೆ ಫ್ರಿಜ್ಜಿನಲ್ಲಿ ದಿನೇ ದಿನೇ ಕರಗುತ್ತಿದ್ದ ಕಾಲದಲ್ಲಿ, ನನ್ನ ಬೋರ್ಡನ್ನೇ ತಂದು ನನ್ನ ವಿರುದ್ಧ ಹಾಕಿದಳು. ಉಪಯೋಗವಾಗಲಿಲ್ಲ. ನಾನು ಕೊಪ್ಪಳದವಳು, ಬೋರ್ಡು ಓದಿಕೊಂಡೇ ಹೋಳಿಗೆ ತಿಂದೆ.

ಆ ಬೋರ್ಡು ಕಂಡಾಗಲೆಲ್ಲ ನನಗೆ ನಗುವೂ ಬರುತ್ತದೆ, ಕಿವಿಯೂ ಬಿಸಿಯಾಗುತ್ತದೆ. ಏಕೆಂದರೆ ಅದಕ್ಕೆ ಅರವತ್ತು ಅಣ್ಣತಮ್ಮಂದಿರಿದ್ದರು. ಅವರನ್ನೆಲ್ಲ ಒಂದು ಮರುಭೂಮಿಯಲ್ಲಿ ನೆಟ್ಟವಳು ನಾನೇ.

ಜರ್ಮನಿಯಲ್ಲಿ ಮರುಭೂಮಿ ಎಲ್ಲಿಂದ ಬಂತು ಅನ್ನುತ್ತೀರಾ? ನಮ್ಮವ್ವನೂ ಅದನ್ನೇ ಕೇಳಿದಳು. ಡ್ರೆಸ್ಡೆನ್ನಿನಿಂದ ಉತ್ತರಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಒಂದು ಸೈನಿಕ ತರಬೇತಿ ಮೈದಾನ ಸಿಗುತ್ತದೆ. ಊರಿನ ಹೆಸರು ಹೇಳುವುದಿಲ್ಲ, ಹೇಳಬಾರದು ಎಂದು ಮೂರು ಕಡೆ ಸಹಿ ಹಾಕಿದ್ದೇನೆ. ಅಜ್ಜಂದಿರ ಕಾಲದಿಂದ ಒಂದಾದ ಮೇಲೊಂದು ಸೈನ್ಯ ಬಂದು ಅಲ್ಲಿ ಟ್ಯಾಂಕು ಓಡಿಸಿದೆ. ಮೊದಲೇ ಮರಳು ನೆಲ, ಮೇಲೆ ಆ ಕಬ್ಬಿಣದ ಚೈನುಗಳ ತುಳಿತ. ಮರವಿಲ್ಲ, ಹುಲ್ಲಿಲ್ಲ, ಕಣ್ಣು ಹಾಯುವಷ್ಟು ದೂರ ಬಿಳಿ ಮರಳು. ಸುತ್ತಲಿನ ಹಳ್ಳಿಯವರು ಅದನ್ನು ಮರುಭೂಮಿ ಎಂದೇ ಕರೆಯುತ್ತಾರೆ. ನಾನು ಅಲ್ಲಿ ವನ್ಯಜೀವಿ ವಿಜ್ಞಾನಿ.

ವನ್ಯಜೀವಿ ಅಂದ ಕೂಡಲೇ ನಮ್ಮವರ ಕಣ್ಣು ಅರಳುತ್ತದೆ. ಹುಲಿಯಾ, ಚಿರತೆಯಾ ಎಂದು ಕೇಳುತ್ತಾರೆ. ಕಪ್ಪೆ ಎಂದೊಡನೆ ಅರಳಿದ ಕಣ್ಣು ಮುಚ್ಚಿಕೊಳ್ಳುತ್ತದೆ. ಅದರಲ್ಲೂ ನನ್ನದು ನಿಂಬೆಹಣ್ಣಿನ ಗಾತ್ರದ ಕಪ್ಪೆ. ಬೆನ್ನ ಮೇಲೆ ಹಳದಿ ಗೆರೆ ಎಳೆದಿರುವುದರಿಂದ ನಾನು ಅದಕ್ಕೆ ಗೆರೆಕಪ್ಪೆ ಎಂದು ಹೆಸರಿಟ್ಟಿದ್ದೇನೆ. ಕಪ್ಪೆಯಾಗಿ ಹುಟ್ಟಿಯೂ ಅದಕ್ಕೆ ನೆಟ್ಟಗೆ ಕುಪ್ಪಳಿಸಲು ಬರುವುದಿಲ್ಲ. ಬಸ್ಸು ತಪ್ಪಿಹೋಗುತ್ತಿದೆ ಎನ್ನುವಂತೆ ಗುಡುಗುಡು ಓಡುತ್ತದೆ. ಇಡೀ ದೇಶದಲ್ಲಿ ಕಡಿಮೆಯಾಗುತ್ತಿರುವ ಈ ಪ್ರಾಣಿ ನಮ್ಮ ಮೈದಾನದಲ್ಲಿ ಮಾತ್ರ ಸುಖವಾಗಿತ್ತು. ಟ್ಯಾಂಕು ಓಡಿದಲ್ಲಿ ಬೀಳುವ ಹಳ್ಳದಲ್ಲಿ ಮಳೆನೀರು ನಿಂತರೆ ಸಾಕು, ಅಲ್ಲೇ ಮೊಟ್ಟೆ.

ಅವ್ವ ಫೋನಿನಲ್ಲಿ ಕೇಳಿದಳು: “ಗಿರಿಜಿ, ಕಪ್ಪಿ ಎಣಸಾಕ ಜರ್ಮನಿಗೆ ಹೋಗಬೇಕಿತ್ತೇನ? ನಮ್ಮ ಹಿತ್ತಲದಾಗ ಮಳಿಗಾಲಕ್ಕ ಎಷ್ಟ ಬೇಕ ಅಷ್ಟ ಅದಾವು.”

“ಯವ್ವಾ, ಇಲ್ಲಿ ಎಣಿಸಿದರ ಪಗಾರ ಕೊಡ್ತಾರ.”

“ಹಂಗಾರ ಒಂದ ನಾಕ ಹೆಚ್ಚಿಗಿ ಎಣಸು,” ಎಂದಳು ಅವ್ವ.

ಮೈದಾನದ ಒಡೆಯ ಎಂದರೆ ಹೆರ್ ಕ್ರಾಮರ್, ‘ಹೆರ್’ ಅಂದರೆ ಇಲ್ಲಿನ ‘ಶ್ರೀಮಾನ್’. ನಮ್ಮ ಕಡೆಯ ಲೆಕ್ಕದಲ್ಲಿ ಹವಾಲ್ದಾರ್ ಮೇಜರ್ ಅನ್ನಬಹುದು. ಯಾವ ಗಾಡಿ ಎಷ್ಟು ಹೊತ್ತಿಗೆ ಎಲ್ಲಿ ಓಡಬೇಕು, ಎಲ್ಲಿ ಗುಂಡು ಹಾರಬೇಕು ಎನ್ನುವುದೆಲ್ಲ ಅವರ ಕೈಯಲ್ಲಿ. ಆರಡಿ ಎತ್ತರ, ಬಿಳಿ ಮೀಸೆ, ಮುಖದಲ್ಲಿ ನಗುವಿನ ಸುಳಿವಿಲ್ಲ. ಮೊದಲ ದಿನವೇ ನನ್ನನ್ನು ನಿಲ್ಲಿಸಿಕೊಂಡು ಪಾಠ ಮಾಡಿದರು: “ಮರಳಿನಲ್ಲಿ ಕಬ್ಬಿಣ ಕಂಡರೆ ಮುಟ್ಟಬೇಡಿ. ಒದೆಯಬೇಡಿ. ಮುಖ್ಯವಾಗಿ, ಇದೇನು ಎಂದು ಕೇಳಲು ಅದನ್ನು ನನ್ನ ಆಫೀಸಿಗೆ ತರಬೇಡಿ.” ಹಿಂದೆ ಒಬ್ಬ ಪಕ್ಷಿತಜ್ಞ ತಂದಿದ್ದನಂತೆ, ಊಟದ ಡಬ್ಬಿಯಲ್ಲಿಟ್ಟುಕೊಂಡು. ಈ ಸಂಗತಿಯನ್ನು ಅವ್ವನಿಗೆ ಇವತ್ತಿನವರೆಗೂ ಹೇಳಿಲ್ಲ.

ಅಲ್ಲಿನ ಪ್ರಾಣಿಗಳೂ ಜರ್ಮನ್ನರೇ. ಬೆಳಿಗ್ಗೆಯಿಂದ ಗುಂಡಿನ ಸದ್ದು ಇರುವವರೆಗೆ ಒಂದು ಜಿಂಕೆಯೂ ಕಾಣುವುದಿಲ್ಲ. ಹನ್ನೆರಡು ಗಂಟೆಗೆ ಸೈನಿಕರು ಊಟಕ್ಕೆ ಕೂರುತ್ತಾರೆ. ಹನ್ನೆರಡು ಐದಕ್ಕೆ ಜಿಂಕೆಗಳು ಸಾಲಾಗಿ ಕಾಡಿನಿಂದ ಹೊರಬಂದು, ಗುರಿ ಹಲಗೆಗಳ ಬುಡದಲ್ಲಿ ಮೇಯ್ದು, ಒಂದಕ್ಕೆ ಐದು ನಿಮಿಷ ಇರುವಾಗ ಒಳಗೆ ಹೋಗುತ್ತವೆ. ಒಂದು ದಿನ ಊಟ ತಡವಾಗಿ ಗುಂಡು ಹನ್ನೆರಡೂಕಾಲರವರೆಗೆ ಹಾರಿತು. ಜಿಂಕೆಗಳು ಕಾಡಂಚಿನಲ್ಲಿ ನಿಂತು ಕ್ರಾಮರ್ ಅವರ ಜೀಪಿನ ಕಡೆಗೇ ನೋಡುತ್ತಿದ್ದವು. ಕ್ರಾಮರ್ ಅವರಿಗೆ ನಿಜವಾಗಿ ಮುಜುಗರವಾಗಿತ್ತು.

ಈಗ ಬೋರ್ಡಿನ ಕತೆಗೆ ಬರುತ್ತೇನೆ. ಅದಕ್ಕೆ ಮೊದಲು ಅಪ್ಪನ ಕತೆ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ.

ನಮ್ಮಪ್ಪ ಪೇಂಟರು. ಬೋರ್ಡು, ಗೋಡೆ, ಲಾರಿಯ ಹಿಂಭಾಗ, ಏನು ಕೊಟ್ಟರೂ ಬರೆಯುತ್ತಿದ್ದರು. ನಮ್ಮ ಮನೆಯಲ್ಲಿ ಸದಾ ಟರ್ಪೆಂಟೈನಿನ ವಾಸನೆ. ನನಗೆ ಅಕ್ಷರಾಭ್ಯಾಸ ಆಗಿದ್ದು ಸ್ಲೇಟಿನ ಮೇಲಲ್ಲ, ‘ಇಲ್ಲಿ ಕಸ ಹಾಕಬಾರದು’ ಎಂಬ ಗೋಡೆಯ ಮೇಲೆ. ಅಪ್ಪ ಸುಣ್ಣದ ಗೋಡೆಯಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿಕೊಟ್ಟರೆ, ನಾನು ‘ಕ’ದ ಹೊಟ್ಟೆಗೆ ಕೆಂಪು ಬಣ್ಣ ತುಂಬುತ್ತಿದ್ದೆ. ಸಂಜೆಗೆ ಬರೆದು ಮುಗಿಸಿ ಬಂದರೆ ಬೆಳಿಗ್ಗೆ ಅದೇ ಗೋಡೆಯ ಕೆಳಗೆ ಹೊಸ ಕಸ. ಅದುವರೆಗೆ ಎಲ್ಲಿ ಹಾಕಬೇಕೆಂದು ತಿಳಿಯದೆ ಬುಟ್ಟಿ ಹಿಡಿದು ಅಲೆಯುತ್ತಿದ್ದವರಿಗೆಲ್ಲ ಅಪ್ಪನ ಬೋರ್ಡು ದಾರಿ ತೋರಿಸುತ್ತಿತ್ತು. ಪುರಸಭೆಯವರು ಬೈದರೆ ಅಪ್ಪ ಹೇಳುತ್ತಿದ್ದರು: “ಸಾಹೇಬ್ರ, ಒಂದ ಬೋರ್ಡ ಹಾಕಿದರ ಯಾರೂ ಓದಂಗಿಲ್ಲ. ಹತ್ತ ಹಾಕಿದರ ಒಬ್ಬಾಂವ ಓದತಾನ. ಹತ್ತ ಹಾಕಸ್ರಿ.” ಅದರಲ್ಲಿ ಅವರ ವ್ಯಾಪಾರವೂ ಇತ್ತು ಅನ್ನಿ. ಆದರೆ ನನ್ನ ತಲೆಯಲ್ಲಿ ಅದು ವಿಜ್ಞಾನದ ನಿಯಮದಂತೆ ಕೂತುಬಿಟ್ಟಿತು.

ಕೆಲಸಕ್ಕೆ ಸೇರಿದ ಮೊದಲ ವಸಂತದಲ್ಲಿ ನಾಲ್ಕನೆಯ ಟ್ಯಾಂಕು ದಾರಿಯಲ್ಲಿ ಗೆರೆಕಪ್ಪೆಯ ಮರಿಗಳು ಹಳ್ಳ ಹಳ್ಳದಲ್ಲೂ ಕಿಕ್ಕಿರಿದಿದ್ದವು. ಗೊದಮೊಟ್ಟೆ ಅನ್ನುತ್ತೇವಲ್ಲ, ಅವು. ನನ್ನ ಮೇಲಧಿಕಾರಿ ಫ್ರೌ ಲೇಮನ್, ಅಂದರೆ ಶ್ರೀಮತಿ ಲೇಮನ್, ಪರಿಸರ ಕಚೇರಿಯಲ್ಲಿ ಕೂತು ಹೇಳಿದರು: “ಹಳ್ಳಗಳಿರುವ ಕಡೆ ಆರು ಬೋರ್ಡು ಹಾಕಿ. ಮರಿಗಳು ನೀರಿನಿಂದ ಹೊರಬರುವವರೆಗೆ, ಒಂದೆರಡು ತಿಂಗಳು ಸಾಕು.”

ಆರು! ನನಗೆ ನಗು ಬಂತು. ಪಾಪ, ಬೋರ್ಡಿನ ವಿಷಯ ಇವರಿಗೇನು ಗೊತ್ತು ಎಂದುಕೊಂಡೆ. ಆರು ಬೋರ್ಡು ಹಾಕಿದರೆ ಅರ್ಧ ಮನುಷ್ಯ ಓದಬಹುದು. ಅರವತ್ತು ಮಾಡಿಸಿದೆ. ತಗಡಿನ ಅಂಗಡಿಯವನು ಫೋನು ಮಾಡಿ, ಒಂದು ಸೊನ್ನೆ ಹೆಚ್ಚಾಗಿದೆಯೇ ಎಂದು ಕೇಳಿದ. ಇಲ್ಲ ಎಂದೆ. ಅವನು ಖುಷಿಗೆ ಒಂದು ಬೋರ್ಡು ಪುಕ್ಕಟೆ ಕೊಟ್ಟ. ಫ್ರಿಜ್ಜಿನ ಮೇಲಿರುವುದು ಅದೇ. ‘ಒಂದೆರಡು ತಿಂಗಳು’ ಅನ್ನುವುದನ್ನೂ ನಾನು ಅರ್ಜಿಯಲ್ಲಿ ‘ಮುಂದಿನ ಆದೇಶದವರೆಗೆ’ ಎಂದು ತಿದ್ದಿದೆ. ನಮ್ಮೂರಿನ ಸರ್ಕಾರಿ ಕಾಗದಗಳಲ್ಲೆಲ್ಲ ಹಾಗೇ ಇರುತ್ತದೆ, ಕೇಳಲಿಕ್ಕೂ ಗಂಭೀರ. ಸಹಿ ಬಿತ್ತು, ಮೊಹರು ಬಿತ್ತು. ಎರಡು ದಿನ ಸುತ್ತಿಗೆ ಹಿಡಿದು ದಾರಿಯ ಎರಡೂ ಬದಿಗೆ ಹದಿನೈದು ಹೆಜ್ಜೆಗೊಂದರಂತೆ ಬೋರ್ಡು ನೆಟ್ಟೆ. ಮೂರನೆಯ ದಿನ ಯಾರಾದರೂ ಅವುಗಳ ಮೇಲೆ ಟ್ಯಾಂಕು ಹತ್ತಿಸುತ್ತಾರೆ, ಆಗ ನಾನು ಜಗಳಕ್ಕೆ ಹೋಗಬೇಕು ಎಂದು ಜರ್ಮನ್ ಬೈಗುಳಗಳನ್ನೂ ಅಭ್ಯಾಸ ಮಾಡಿಟ್ಟುಕೊಂಡಿದ್ದೆ.

ಒಬ್ಬನೇ ಒಬ್ಬ ಬರಲಿಲ್ಲ.

ಟ್ಯಾಂಕುಗಳು ಮೂರು ಕಿಲೋಮೀಟರು ಬಳಸಿಕೊಂಡು ಓಡಿದವು. ಬೆನ್ನ ಮೇಲೆ ಮೂಟೆ ಹೊತ್ತ ಸೈನಿಕರು ಬೋರ್ಡಿನ ಆಚೆಗೆ ಬಿಸಿಲಲ್ಲಿ ಸುತ್ತುಹಾಕಿ ನಡೆದರು. ಒಂದು ದಿನ ಕ್ರಾಮರ್ ಅವರಿಂದ ಇಮೇಲ್ ಬಂತು. ಒಬ್ಬ ಸೈನಿಕನ ಟೋಪಿ ಗಾಳಿಗೆ ಹಾರಿ ಬೋರ್ಡಿನಿಂದ ಎರಡು ಮೀಟರು ಒಳಗೆ ಬಿದ್ದಿದೆ, ತೆಗೆದುಕೊಳ್ಳಲು ಅನುಮತಿ ಬೇಕು ಎಂದು. ಅದು ಶುಕ್ರವಾರ. ನಾನು ಇಮೇಲ್ ನೋಡಿದ್ದು ಸೋಮವಾರ. ಮೂರು ದಿನ ಟೋಪಿ ಅಲ್ಲೇ ಬಿದ್ದಿತ್ತು. ನಾನೇ ಹೋಗಿ ಎತ್ತಿಕೊಟ್ಟೆ, ಅದರೊಳಗೆ ಒಂದು ಹಲ್ಲಿ ಸಂಸಾರ ಹೂಡಿತ್ತು.

ನನಗಾದ ಹೆಮ್ಮೆ ಹೇಳತೀರದು. ಇಡೀ ಒಂದು ಸೈನ್ಯವನ್ನು ತಗಡಿನಿಂದ ತಡೆದವಳು! ಬೋರ್ಡುಗಳ ಸಾಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಫೋಟೋ ತೆಗೆಸಿ ಅಪ್ಪನಿಗೆ ಕಳಿಸಿದೆ. ಅಪ್ಪ ಅದನ್ನು ದೊಡ್ಡದು ಮಾಡಿ ನೋಡಿ, “ಅಕ್ಷರ ಚಲೋ ಅದಾವು, ಆದರ ನಡುವಿನ ಸಾಲ ಒಂಚೂರ ಏರೇತಿ,” ಎಂದು ಉತ್ತರ ಕೊಟ್ಟರು. ಅಪ್ಪನ ಬಾಯಿಂದ ಅಷ್ಟು ಬಂದರೆ ಪದಕ ಸಿಕ್ಕಂತೆ.

ಎರಡನೆಯ ವಸಂತ ಬಂತು. ಏಪ್ರಿಲ್‌ನಲ್ಲಿ ಬೂಟು ಹಾಕಿಕೊಂಡು ನನ್ನ ದಾರಿಗೆ ಹೋದೆ. ಚೆಂದವಾಗಿತ್ತು. ಹಳ್ಳಗಳ ಅಂಚಿನಲ್ಲಿ ಹಸಿರು ಹುಲ್ಲು, ನೀರಿನಲ್ಲಿ ಪಾಚಿ, ಮೇಲೆ ನೀಲಿ ಏರೋಪ್ಲೇನ್ ಚಿಟ್ಟೆ. ಗೆರೆಕಪ್ಪೆ ಮಾತ್ರ ಇಲ್ಲ. ಚಳಿ ಇನ್ನೂ ಇದೆ, ಬರುತ್ತವೆ ಎಂದುಕೊಂಡೆ. ಮೇ ಬಂತು. ಹುಲ್ಲು ಮೊಣಕಾಲಿಗೆ ಬಂತು. ಗೆರೆಕಪ್ಪೆ ಇಲ್ಲ. ದಿನಾ ಬೆಳಿಗ್ಗೆ ಮೂವತ್ತು ಹಳ್ಳಗಳಿಗೂ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ನನ್ನ ಕಾಗದದಲ್ಲಿ ಮೂವತ್ತು ಸೊನ್ನೆ.

ಒಂದು ಬೆಳಿಗ್ಗೆ ಹುಲ್ಲಿನ ನಡುವೆ ಕುಳಿತು ಊಟದ ಡಬ್ಬಿ ತೆರೆದಾಗ ನನಗೆ ಹೊಳೆಯಿತು. ಹೊಳೆಯಿತು ಅನ್ನುವುದಕ್ಕಿಂತ ಕಪಾಳಕ್ಕೆ ಬಿತ್ತು ಅನ್ನಬೇಕು. ಈ ಕಪ್ಪೆಗೆ ಬೋಳು ಮರಳು ಬೇಕು, ಹೊಸ ಹಳ್ಳ ಬೇಕು. ಹುಲ್ಲು ಬೆಳೆದ, ಪಾಚಿ ಕಟ್ಟಿದ ಹಳೆಯ ಹಳ್ಳದಲ್ಲಿ ಅದರ ಮರಿಗಳನ್ನು ತಿನ್ನುವ ಹುಳಗಳಿರುತ್ತವೆ, ಅಲ್ಲಿಗೆ ಅದು ಬರುವುದೇ ಇಲ್ಲ. ಅದಕ್ಕೆ ವರ್ಷಾ ವರ್ಷಾ ಹೊಸ ಹಳ್ಳ ತೋಡಿಕೊಡುತ್ತಿದ್ದವರು ಯಾರು? ಟ್ಯಾಂಕುಗಳು. ಆ ಟ್ಯಾಂಕುಗಳನ್ನು ಅಲ್ಲಿಂದ ಅಟ್ಟಿದವರು ಯಾರು? ನಾನು. ಇದನ್ನೆಲ್ಲ ನಾನೇ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಫ್ರೌ ಲೇಮನ್ ಆರು ಬೋರ್ಡು, ಎರಡು ತಿಂಗಳು ಎಂದದ್ದು ಸುಮ್ಮನೆ ಅಲ್ಲ. ನಮ್ಮೂರಿನ ಜನರ ಅಳತೆಯಲ್ಲಿ ಬೋರ್ಡು ಮಾಡಿಸಿ, ಈ ಊರಿನ ಜನರ ಮುಂದೆ ನೆಟ್ಟಿದ್ದೆ. ಇವರೋ, ಅರವತ್ತನ್ನೂ ಓದಿದರು, ಅರವತ್ತನ್ನೂ ಪಾಲಿಸಿದರು.

ಜೂನ್ ಕೊನೆಗೆ ನನ್ನ ವರದಿ ಹೋಗಬೇಕಿತ್ತು. ಜುಲೈ ಕೊನೆಗೆ ನನ್ನ ಕರಾರು ಮುಗಿಯುತ್ತಿತ್ತು. ಈ ವರ್ಷ ನಾಲ್ಕನೆಯ ದಾರಿಯಲ್ಲಿ ಒಂದೂ ಮೊಟ್ಟೆ ಸಿಗದಿದ್ದರೆ ಯೋಜನೆ ಮುಚ್ಚುತ್ತದೆ, ನನ್ನ ಕೆಲಸವೂ ಮುಗಿಯುತ್ತದೆ ಎಂದು ಮೊದಲೇ ಹೇಳಿದ್ದರು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಆದರೆ ಕಪ್ಪೆಗಳನ್ನು ಉಳಿಸಲೆಂದು ಕೊಪ್ಪಳದಿಂದ ಇಷ್ಟು ದೂರ ಬಂದು ನಾನೇ ಓಡಿಸಿದೆನಲ್ಲ, ಆ ನಾಚಿಕೆ ತಡೆಯಲಾಗುತ್ತಿರಲಿಲ್ಲ.

ಮನೆಗೆ ಬಂದು ಬೂಟು ಬಿಚ್ಚಿದರೆ ಎಂದಿನಂತೆ ಅರ್ಧ ಕಿಲೋ ಮರಳು. ರುಕ್ಸಾನಾಳ ಕಾರ್ಖಾನೆಯಲ್ಲಿ ಒಂದು ಧೂಳಿನ ಕಣ ಒಳಗೆ ಬಂದರೆ ಗದ್ದಲವಾಗುತ್ತದಂತೆ. ತಲೆಯಿಂದ ಕಾಲಿನವರೆಗೆ ಬಿಳಿ ಚೀಲ ತೊಟ್ಟು ಕೆಲಸ ಮಾಡಿ ಮನೆಗೆ ಬಂದರೆ ಹಾಸಿಗೆಯಲ್ಲಿ ನನ್ನ ಮರುಭೂಮಿ. ಕೆಳಗಿನ ವಾಷಿಂಗ್ ಮೆಷಿನ್ನಿನಲ್ಲಿ ಮರಳು ಸಿಕ್ಕಿತೆಂದು ಮನೆಯ ಮಾಲೀಕರು ಎರಡು ಪತ್ರ ಕೊಟ್ಟಿದ್ದರು. ಅವಳು ಪೊರಕೆ ಹಿಡಿದು ಬಂದವಳು ನನ್ನ ಮುಖ ನೋಡಿ ಪೊರಕೆ ಕೆಳಗಿಟ್ಟಳು.

“ಏನಾತ? ಯಾರರ ಸತ್ರೇನ?”

“ಯಾರೂ ಹುಟ್ಟಲಿಲ್ಲ,” ಎಂದು ಎಲ್ಲ ಹೇಳಿದೆ.

ಅವಳು ಕೇಳಿ ಮುಗಿಸಿ, ಎರಡು ಕಪ್ ಚಹಾ ಮಾಡಿ ತಂದು, ಎಂಜಿನಿಯರಿನಂತೆ ಯೋಚಿಸಿದಳು. “ಈ ಮೇದಾಗ ಮಳಿ ಕಡಿಮಿ ಆಗಿತ್ತಿಲ್ಲ?”

“ಸ್ವಲ್ಪ ಕಡಿಮಿ ಆಗಿತ್ತ.”

“ಮುಗೀತಲ್ಲಲೇ ಹುಚ್ಚಿ! ರಿಪೋರ್ಟಿನಾಗ ಮಳಿ ಮ್ಯಾಲೆ ಹಾಕು. ಕ್ಲೈಮೇಟ್ ಚೇಂಜ್ ಅಂತ ಬರಿ. ಇಲ್ಲಿ ಯಾರೂ ಅದನ್ನ ಕ್ವೆಶ್ಚನ್ ಮಾಡಂಗಿಲ್ಲ. ಕಾಂಟ್ರ್ಯಾಕ್ಟ್ ಎಕ್ಸ್‌ಟೆಂಡ್ ಮಾಡಿ ಮ್ಯಾಲೆ ಸಾರಿ ಅಂತಾರ.”

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ತೊಂದರೆ. ಎರಡು ದಿನ ಬರೆಯಲು ಕೂತೆ. ‘ಮೇ ತಿಂಗಳ ಮಳೆಯ ಕೊರತೆಯಿಂದ’ ಎಂದು ವಾಕ್ಯ ಶುರುಮಾಡುತ್ತಿದ್ದೆ, ಮುಂದಕ್ಕೆ ಕೈ ಓಡುತ್ತಿರಲಿಲ್ಲ. ಅವ್ವನಿಗೆ ಫೋನಿನಲ್ಲಿ ಮಳೆ ಇಲ್ಲ ಎಂದಷ್ಟೇ ಹೇಳಿದೆ. ಅವಳಿಗೆ ಪರಿಹಾರ ಗೊತ್ತಿತ್ತು. “ಕಪ್ಪಿ ಮದವಿ ಮಾಡ್ರಿ. ಅರಿಷಿಣ ಕುಂಕುಮ ನಾ ಪಾರ್ಸಲ್ ಹಾಕ್ತೀನಿ.”

“ಯವ್ವಾ, ಮದವಿ ಮಾಡಾಕ ಕಪ್ಪಿ ಬೇಕಲ್ಲ! ಇಲ್ಲಿ ಗಂಡೂ ಇಲ್ಲ ಹೆಣ್ಣೂ ಇಲ್ಲ.”

“ಹಂಗಾರ ನೀ ಎರಡ ವರ್ಷ ಏನ ಮಾಡಿದಿ ಅಲ್ಲಿ?” ಎಂದಳು ಅವ್ವ. ಇಷ್ಟು ಸರಿಯಾದ ಪ್ರಶ್ನೆಯನ್ನು ನನ್ನ ಯಾವ ಪ್ರೊಫೆಸರೂ ಕೇಳಿರಲಿಲ್ಲ.

ಮರುದಿನ ಫ್ರೌ ಲೇಮನ್ ಅವರ ಮುಂದೆ ಕುಳಿತು, ತಪ್ಪು ನನ್ನದೇ, ಮಳೆಯದಲ್ಲ ಎಂದು ಹೇಳಿಬಿಟ್ಟೆ. ಅಪ್ಪನ ಗೋಡೆಯಿಂದ ಹಿಡಿದು ಅರವತ್ತು ಬೋರ್ಡಿನವರೆಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಬೈಯುತ್ತಾರೆ ಎಂದು ಕಾದೆ. “ಇದನ್ನು ವರದಿಯ ನಾಲ್ಕನೆಯ ಅಧ್ಯಾಯದಲ್ಲಿ ಬರೆಯಿರಿ. ತಂದೆಯವರ ವಿಷಯ ಬೇಡ,” ಎಂದರು. ಆಮೇಲೆ, “ಮೊಟ್ಟೆ ಇಲ್ಲದಿದ್ದರೆ ನನ್ನಿಂದ ಏನೂ ಮಾಡಲಾಗುವುದಿಲ್ಲ, ಅದು ನಿಮಗೆ ಗೊತ್ತು,” ಎಂದರು. ಬೋರ್ಡು ತೆಗೆಸಬೇಕೆಂದರೆ ಅರ್ಜಿ ಹಾಕಬೇಕು, ಅದು ಎಂಟು ವಾರ. ಟ್ಯಾಂಕುಗಳ ಅಭ್ಯಾಸ ಇನ್ನು ಹತ್ತು ದಿನಕ್ಕೆ ನಿಂತು ಬೇಸಿಗೆ ರಜೆ ಶುರುವಾಗುತ್ತಿತ್ತು. ಆಮೇಲೆ ಶರತ್ಕಾಲದವರೆಗೆ ಒಂದು ಚಕ್ರವೂ ಓಡುವುದಿಲ್ಲ.

ಉಳಿದದ್ದು ಕ್ರಾಮರ್ ಒಬ್ಬರೇ. ಅವರ ಆಫೀಸು ಎಂದರೆ ಒಂದು ತಗಡಿನ ಡಬ್ಬದಂಥ ಕೋಣೆ. ಒಳಗೆ ನಕ್ಷೆ, ಕಾಫಿ ಯಂತ್ರ, ಒಂದು ಕಳ್ಳಿ ಗಿಡ. ನಾನು ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದೆ: “ಹೆರ್ ಕ್ರಾಮರ್, ನನಗೊಂದು ಟ್ಯಾಂಕು ಬೇಕು.”

ಅವರು ತಲೆಯೆತ್ತಿದರು. “ಯಾತಕ್ಕೆ?”

“ಕಪ್ಪೆಗೆ.”

ಕಾಫಿ ಯಂತ್ರ ಗೊರಗೊರ ಅಂದು ಸುಮ್ಮನಾಯಿತು. ಕೂರಲು ಕುರ್ಚಿ ತೋರಿಸಿದರು. ಪೂರ್ತಿ ಕತೆ ಕೇಳಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಅಂದರೆ,” ಎಂದರು, “ಹೋದ ವರ್ಷ ನಾವು ಓಡಿಸಬಾರದಿತ್ತು. ಈ ವರ್ಷ ನಾವು ಓಡಿಸದೆ ತಪ್ಪಾಗಿದೆ.”

“ಹೌದು.”

“ನಮ್ಮ ಹುಡುಗರು ಆ ಮೂರು ಕಿಲೋಮೀಟರು ಸುತ್ತಿನಲ್ಲಿ ನಿಮ್ಮ ಮೇಲೆ ಒಂದು ಹಾಡು ಕಟ್ಟಿದ್ದಾರೆ. ನಿಮಗೆ ಹೇಳುವಂಥದ್ದಲ್ಲ.”

“ಬೋರ್ಡುಗಳನ್ನು ನಾನೇ ಕಿತ್ತುಹಾಕಲೇ?”

“ಕಿತ್ತರೆ ಅದು ಸರ್ಕಾರಿ ಸೊತ್ತಿನ ನಾಶ. ನಾನು ದೂರು ಕೊಡಬೇಕಾಗುತ್ತದೆ. ಬೋರ್ಡು ಇರುವವರೆಗೆ ನನ್ನ ಯಾವ ಗಾಡಿಯೂ ಒಳಗೆ ಹೋಗುವುದಿಲ್ಲ. ನಿಯಮ ಅಂದರೆ ನಿಯಮ.”

ನನಗೆ ಅಳು ಬಂತು. ನಿಜವಾಗಿ ಬಂತು, ಆ ಕಳ್ಳಿ ಗಿಡವನ್ನೇ ನೋಡುತ್ತ ತಡೆದುಕೊಂಡೆ. ಎದ್ದು ಹೊರಟಾಗ ಅವರು ನಕ್ಷೆಯ ಮುಂದೆ ನಿಂತು ಕರೆದರು.

“ಒಂದು ನಿಮಿಷ. ರಜೆಗೆ ಮೊದಲು ಮೀಸಲು ಪಡೆಯವರು ಬರುತ್ತಾರೆ. ವರ್ಷಕ್ಕೊಮ್ಮೆ ಬರುವವರು, ಅವರ ಕೈಯಲ್ಲಿ ಗಾಡಿ ನೆಟ್ಟಗೆ ಓಡುವುದಿಲ್ಲ. ಎಚ್ಚರಿಕೆ ಕೊಡಬೇಕು. ನಿಮ್ಮ ದಾರಿಯಲ್ಲಿ ಒಂದು ಟ್ಯಾಂಕು ಅಕಸ್ಮಾತ್ ಸಿಕ್ಕಿಹಾಕಿಕೊಂಡರೆ ಎಲ್ಲಿ ಅತಿ ಹೆಚ್ಚು ಹಾನಿಯಾಗುತ್ತದೆ? ತೋರಿಸಿ.”

ನಾನು ಮೂಗು ಒರೆಸಿಕೊಳ್ಳುತ್ತ ತಗ್ಗಿನ ಜಾಗವನ್ನು ತೋರಿಸಿದೆ. ಕೆಳಗೆ ಜೇಡಿಮಣ್ಣು, ಗಾಡಿ ಹೂತರೆ ಮೇಲೇಳುವುದಿಲ್ಲ, ಸುತ್ತಲೂ ಇನ್ನೂರು ಹೆಜ್ಜೆ ನೆಲ ಹಾಳಾಗುತ್ತದೆ ಎಂದೆಲ್ಲ ಪ್ರಾಮಾಣಿಕವಾಗಿ ವಿವರಿಸಿದೆ. ಅವರು ಅಲ್ಲಿ ಕೆಂಪು ಪಿನ್ನು ಚುಚ್ಚಿ, ಧನ್ಯವಾದ ಹೇಳಿದರು. ಮನುಷ್ಯನಿಗೆ ನನ್ನ ಗೋಳಿಗಿಂತ ನಿಯಮವೇ ಹೆಚ್ಚು ಎಂದು ಬೈದುಕೊಳ್ಳುತ್ತ ಮನೆಗೆ ಬಂದೆ. ನಾನು ಎಷ್ಟು ಮುಗ್ಧೆ ಅಂದರೆ, ರುಕ್ಸಾನಾಳಿಗೆ ಈ ಮಾತು ಹೇಳಿದಾಗ ಅವಳು ಬಿದ್ದುಬಿದ್ದು ನಕ್ಕದ್ದು ಯಾಕೆಂದೂ ನನಗೆ ತಿಳಿಯಲಿಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಹತ್ತಕ್ಕೆ ಫೋನು. “ದುರದೃಷ್ಟ,” ಎಂದರು ಕ್ರಾಮರ್. “ಮೀಸಲು ಪಡೆಯ ಒಬ್ಬ ದಾರಿ ತಪ್ಪಿ ನಾಲ್ಕನೆಯ ದಾರಿಗೆ ಹೋಗಿದ್ದಾನೆ. ನೀವು ಹೇಳಿದ ಜಾಗದಲ್ಲೇ ಸಿಕ್ಕಿಹಾಕಿಕೊಂಡಿದ್ದಾನೆ. ಬನ್ನಿ.”

ಹೋಗಿ ನೋಡಿದರೆ ನನ್ನ ಹುಲ್ಲುಗಾವಲಿನ ನಡುವೆ ಟ್ಯಾಂಕು ಹೊಟ್ಟೆಯವರೆಗೆ ಹೂತು ಕೂತಿದೆ. ಓಡಿಸಿದಾತ ಐವತ್ತರ ಆಸುಪಾಸಿನ ದುಂಡಗಿನ ಮನುಷ್ಯ, ಪಕ್ಕದ ಊರಿನಲ್ಲಿ ಬೇಕರಿ ಇಟ್ಟಿರುವವ. ಮುಖ ಕೆಂಪಗೆ ಮಾಡಿಕೊಂಡು, ಹಿಂದೆ ಹೋಗಲು ನೋಡಿ ಇನ್ನಷ್ಟು ಹೂತು, ಮುಂದೆ ಹೋಗಲು ನೋಡಿ ಮತ್ತಷ್ಟು ಹೂತು, ಸುತ್ತಮುತ್ತ ಎಲ್ಲ ಅಗೆದುಹಾಕಿದ್ದ. ಅವನನ್ನು ಎಳೆಯಲು ಇನ್ನೊಂದು ದೊಡ್ಡ ಗಾಡಿ ಬಂತು. ಅಪಘಾತದಲ್ಲಿ ನೆರವಿಗೆ ಹೋಗುವ ಗಾಡಿಗೆ ಯಾವ ಬೋರ್ಡೂ ಅಡ್ಡಬರುವಂತಿಲ್ಲ, ಅದು ಕೂಡ ನಿಯಮವೇ. ಕ್ರಾಮರ್ ಪುಸ್ತಕ ತೆಗೆದು ಪುಟವನ್ನೂ ತೋರಿಸಿದರು. ಆ ಗಾಡಿ ಎಡದಿಂದ ಎಳೆದು ನೋಡಿತು, ಬಲದಿಂದ ಎಳೆದು ನೋಡಿತು. “ಇನ್ನೊಂದು ಸಲ, ಆ ಕಡೆಯಿಂದ,” ಎಂದು ಕ್ರಾಮರ್ ಕೂಗುತ್ತಿದ್ದರು. ಟ್ಯಾಂಕು ಮೇಲೆ ಬಂದ ಮೇಲೂ, ಚೈನು ಸರಿಯಿದೆಯೇ ಎಂದು ಪರೀಕ್ಷಿಸಲು ಅದನ್ನು ದಾರಿಯುದ್ದಕ್ಕೂ ನಾಲ್ಕು ಸಲ ಓಡಿಸಿದರು. ಮಧ್ಯಾಹ್ನದ ಊಟಕ್ಕೆ ಸರಿಯಾಗಿ ನಿಲ್ಲಿಸಿದರು, ಜಿಂಕೆಗಳು ಕಾಯುತ್ತಿದ್ದವಲ್ಲ.

ಆಮೇಲೆ ಕ್ರಾಮರ್ ನನ್ನ ಕೈಗೆ ಒಂದು ಫಾರಂ ಕೊಟ್ಟರು. ಹಾನಿಯ ವರದಿ. ‘ಹುಲ್ಲು: ಸಂಪೂರ್ಣ ನಾಶ. ನೆಲ: ಸಂಪೂರ್ಣ ನಾಶ. ಬೋರ್ಡುಗಳು: ಹನ್ನೊಂದು ನಾಶ. ದುರಸ್ತಿ ಸಾಧ್ಯವೇ: ಇಲ್ಲ.’ ಓದುತ್ತ ಓದುತ್ತ ನನ್ನ ತಲೆಗೆ ಕೊನೆಗೂ ಬೆಳಕು ಬಿತ್ತು. ಅವರ ಮುಖ ನೋಡಿದೆ. ಮೀಸೆಯ ಒಂದು ತುದಿಯೂ ಅಲುಗಲಿಲ್ಲ. “ಐದಾರು ದಿನ ನೋಡಿ, ಹಾನಿ ಎಷ್ಟೆಂದು ಖಚಿತವಾದ ಮೇಲೆ ಸಹಿ ಹಾಕಿದರೆ ಸಾಕು,” ಎಂದರು.

ಆ ಶನಿವಾರ ಗುಡುಗು ಸಹಿತ ಜೋರು ಮಳೆ. ಅವ್ವ ಊರಿನಲ್ಲಿ ಯಾರದೋ ಹಿತ್ತಲಿನ ಎರಡು ಕಪ್ಪೆ ಹಿಡಿಸಿ, ನನ್ನ ಹೆಸರು ಹೇಳಿ ಮದುವೆ ಮಾಡಿಸಿದ್ದಳೆಂದು ಆಮೇಲೆ ಗೊತ್ತಾಯಿತು. ಮಳೆಯ ಕೀರ್ತಿಯನ್ನು ಅವಳು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಬುಧವಾರ ಬೆಳಿಗ್ಗೆ ಹೋದೆ. ಹುಲ್ಲಿಲ್ಲದ ಬೆತ್ತಲೆ ಮರಳಿನಲ್ಲಿ ಚೈನಿನ ಗುರುತುಗಳ ತುಂಬ ತಿಳಿನೀರು ನಿಂತಿತ್ತು. ಮೊದಲ ಹಳ್ಳ, ಸೊನ್ನೆ. ಎರಡನೆಯದು, ಸೊನ್ನೆ. ಒಂಬತ್ತನೆಯದಕ್ಕೂ ಸೊನ್ನೆಯನ್ನೇ ಬರೆದುಕೊಂಡೆ. ಬೇಕರಿಯವನು ಹೂತುಕೊಂಡಿದ್ದ ಆ ದೊಡ್ಡ ಹಳ್ಳದ ಅಂಚಿನಲ್ಲಿ, ಬೆರಳುದ್ದದ ಆಳದಲ್ಲಿ, ಕರಿಮಣಿ ಸರ ಯಾರೋ ಮರೆತು ಬಿಟ್ಟುಹೋದ ಹಾಗೆ, ಮೊಟ್ಟೆಯ ಎಳೆ. ಒಂದಲ್ಲ, ಎರಡು. ನಾನು ಆ ಕೆಸರಿನಲ್ಲೇ ಕೂತು ಅತ್ತೆ. ಫೋಟೋ ತೆಗೆದರೆ ಎಲ್ಲ ಮಸುಕು.

ಫ್ರೌ ಲೇಮನ್ ಅವರಿಗೆ ಫೋನು ಮಾಡಿದೆ. “ಸರಿ,” ಎಂದರು. “ಒಂದು ವರ್ಷ ಮುಂದುವರಿಸೋಣ. ಆದರೆ ಬೋರ್ಡುಗಳನ್ನು ಇನ್ನು ಮುಂದೆ ನಾನೇ ಆರ್ಡರ್ ಮಾಡುತ್ತೇನೆ.”

ಫೋನಿಡುವ ಹೊತ್ತಿಗೆ ಕ್ರಾಮರ್ ಅವರ ಜೀಪು ಬಂತು. ಫಾರಮ್ಮಿಗೆ ಸಹಿ ಬೇಕಿತ್ತಂತೆ. ಜೀಪು ಇಳಿದವರು ಉಳಿದಿದ್ದ ಬೋರ್ಡಿನ ಹತ್ತಿರ ಬಂದು ನಿಂತರು, ಒಂದು ಹೆಜ್ಜೆ ಮುಂದೆ ಇಡಲಿಲ್ಲ.

“ಬನ್ನಿ,” ಎಂದು ಕೂಗಿದೆ.

“ಬೋರ್ಡಿದೆ.”

“ನಾನು ಅನುಮತಿ ಕೊಟ್ಟಿದ್ದೇನೆ. ಬೇಕಾದರೆ ಬರೆದು ಕೊಡುತ್ತೇನೆ, ಬನ್ನಿ!”

ಬಂದರು. ತಮ್ಮದೇ ಟ್ಯಾಂಕು ಹಾಳುಮಾಡಿದ ನೆಲದ ಮೇಲೆ ಅಷ್ಟು ಹುಷಾರಾಗಿ, ತುದಿಗಾಲಿನಲ್ಲಿ ಹೆಜ್ಜೆಯಿಡುತ್ತ ಬಂದರು. ನಾನು ತೋರಿಸಿದೆ. ಆ ಎತ್ತರದ ಮನುಷ್ಯ ಇಸ್ತ್ರಿ ಹಾಕಿದ ಪ್ಯಾಂಟಿನಲ್ಲೇ ಕೆಸರಿಗೆ ಮಂಡಿಯೂರಿ, ಟೋಪಿ ತೆಗೆದು ಬಗಲಲ್ಲಿಟ್ಟುಕೊಂಡು ನೋಡಿದರು. ಮೂವತ್ತು ವರ್ಷದಿಂದ ಆ ಮೈದಾನದಲ್ಲಿ ಇದ್ದಾರಂತೆ, ಇದನ್ನು ಒಂದು ಸಲವೂ ನೋಡಿಲ್ಲವಂತೆ. “ಇಷ್ಟು ಚಿಕ್ಕದಾ!” ಎಂದರು.  ಆಮೇಲೆ ಕೇಳಿದರು, “ನಾಳೆಯೂ ಒಂದು ಅಪಘಾತ ಬೇಕೇ?”

“ಅಯ್ಯೋ, ಈಗ ಬೇಡ! ಮರಿಗಳು ದೊಡ್ಡವಾಗಬೇಕು. ಅಕ್ಟೋಬರ್‌ನಲ್ಲಿ ಬೇಕು.”

ಕ್ರಾಮರ್ ಜೇಬಿನಿಂದ ಪುಟ್ಟ ಡೈರಿ ತೆಗೆದರು. ಮಂಡಿಯೂರಿದಲ್ಲೇ, ತೊಡೆಯ ಮೇಲಿಟ್ಟುಕೊಂಡು, ಗುಂಡಗಿನ ಅಕ್ಷರದಲ್ಲಿ ಬರೆದರು: ‘ಅಕ್ಟೋಬರ್. ಬೇಕರಿಯವನನ್ನು ಕರೆಸುವುದು.’